ಹೊಲಿಗೆ ಕಿಟಕಿಗೆ ಕಂದು ಗಾಜು

ಮನೆಯಿಂದ,
ಜೂನ್ ೮, ಭಾನುವಾರ

ಇವಳೇ,

ಕಾಗದದಲ್ಲಾದರೂ ಹೆಸರು ಹಿಡಿದು ಬರೆಯೋಣವೆಂದರೆ ಕೈ ಓಡಲಿಲ್ಲ, ಹೀಗೇ ಇರಲಿ. ಹೇಗಿದ್ದೀಯ? ಮಗಳ ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಅವಳ ಆರೈಕೆಯ ಭರದಲ್ಲಿ ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ. ಇಲ್ಲಿ ಎಲ್ಲರೂ ಕ್ಷೇಮ, ಅಂದರೆ ಮೇಲ್ನೋಟಕ್ಕೆ ಕ್ಷೇಮ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಫೋನು ಹಿಡಿದರೆ ಸಾಕು, ಮನೆಯವರ ಕಿವಿಯೆಲ್ಲ ಇತ್ತಲೇ ತಿರುಗುತ್ತದೆ.

ಕಿಟಕಿಗಳ ಹಳೇ ಚೌಕಟ್ಟು ಗೆದ್ದಲು ಹಿಡಿದು ಹಾಳಾಗಿದ್ದು ನಿನಗೆ ಗೊತ್ತೇ ಇದೆ. ಹೊಸದಕ್ಕೆಂದು ಗಾಜಿನಂಗಡಿಯವನು ಬಂದು ಅಂಗೈಯಗಲದ ಗಾಜಿನ ತುಂಡುಗಳನ್ನು ಊಟದ ಮೇಜಿನ ಮೇಲೆ ಹರಡಿದ. ಮಲಗುವ ಕೋಣೆಗೆ ಜೋಡಿ ಗಾಜಂತೆ, ಬೀದಿಯ ಸದ್ದು ಒಳಗೆ ಬರುವುದಿಲ್ಲವಂತೆ. ಬಚ್ಚಲಿಗೆ ಮಸುಕು ಗಾಜಂತೆ. ಅಲ್ಲಿಯವರೆಗೆ ಸರಿ. ನಿನ್ನ ಹೊಲಿಗೆ ಮಿಷನ್ನಿನ ಕಿಟಕಿಗೆ ಮಾತ್ರ, ಯಾರೂ ಕೇಳದಿದ್ದರೂ, ಕಂದು ಗಾಜನ್ನು ಮುಂದೆ ತಳ್ಳಿದ. "ಇದೇ ಹಾಕ್ಸಿ ಯಜಮಾನ್ರೇ, ಕಣ್ಣಿಗೆ ತಂಪು" ಅಂತೆ. ಸೊಸೆ "ಹೂಂ ಮಾವ, ಅದೇ ಇರ್ಲಿ ಬಿಡಿ" ಎಂದು ಸರಸರ ಒಳಗೆ ಹೋದಳು. ಮಗ ತಲೆಯಾಡಿಸಿದ. ಪರದೆಯ ಬಣ್ಣಕ್ಕೂ ಎರಡು ದಿನ ಜಗಳವಾಡುವ ಮನೆಯಲ್ಲಿ ಇಷ್ಟು ಬೇಗ ಒಮ್ಮತ ಬಂದರೆ ಅನುಮಾನ ಬರದೇ ಇರುತ್ತದೆಯೇ?

ಅವನು ಬಿಟ್ಟುಹೋದ ತುಂಡನ್ನು ನಾನೇ ಪರೀಕ್ಷೆ ಮಾಡಿದೆ. ಚಪ್ಪಲಿ ಡಬ್ಬಿಯ ಮುಚ್ಚಳದಲ್ಲಿ ಕಿಂಡಿ ಕೊರೆದು, ಆ ಗಾಜನ್ನು ಕೂರಿಸಿ, ಒಳಗೆ ನಿನ್ನ ದಾರದ ರೀಲುಗಳನ್ನಿಟ್ಟು ಬಿಸಿಲಿಗೆ ಹಿಡಿದು ಪಕ್ಕದ ಸೀಳಿನಿಂದ ಇಣುಕಿದೆ. ಕಡುನೀಲಿ ಹೋಗಿ ಕಪ್ಪಾಗಿತ್ತು! ಬಿಳಿ ದಾರ ಚಹಾದಲ್ಲಿ ಅದ್ದಿದಂತಿತ್ತು. ಬಟ್ಟೆಗೆ ದಾರ ಕಂಡೂ ಕಾಣದ ಹಾಗೆ ಹೊಂದಿಸುವ ಕೈ ಎಂದಲ್ಲವೇ ಬೀದಿಯವರೆಲ್ಲ ನಿನ್ನನ್ನು ಹುಡುಕಿಕೊಂಡು ಬರುವುದು? ಈ ಗಾಜಿನ ಪಕ್ಕ ಕೂತು ನೀನು ಏನು ಹೊಲಿಯುತ್ತೀ? ಮಗನಿಗೆ ಮನೆಯಲ್ಲೇ ಆಫೀಸು ಮಾಡಲು ಆ ಕೋಣೆಯ ಮೇಲೆ ಕಣ್ಣಿದೆ. "ಅಮ್ಮ, ಹೊಲಿಗೆ ಸಾಕು" ಎನ್ನಲು ಬಾಯಿಲ್ಲ, ಗಾಜಿನ ಕೈಲಿ ಹೇಳಿಸುತ್ತಿದ್ದಾನೆ. ಕೇಳಿದ್ದಕ್ಕೆ, "ಅಪ್ಪಾ, ನೀವು ಪೊಲೀಸ್ ಕೆಲ್ಸಕ್ಕೆ ಸೇರ್ಬೇಕಿತ್ತು" ಎಂದು ನಕ್ಕ. ನಗಲಿ. ಅಲ್ಲಿಗೆ ತಿಳಿ ಗಾಜೇ ಎಂದು ನಾನು ಪಟ್ಟು ಹಿಡಿದಿದ್ದೇನೆ. ನೀನು ನಿಶ್ಚಿಂತೆಯಿಂದಿರು.

ಮಗಳು ಬೇಗ ನೆಲಕ್ಕೆ ಕಾಲೂರಲಿ, ಅವಳಿಗೆ ನನ್ನ ಆಶೀರ್ವಾದ. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನ
ಇವರು

ಕವರು ಅಂಟಿಸುವ ಮುಂಚೆ: ಗಾಜಿನವನು ಈಗಷ್ಟೇ ಅಳತೆಗೆ ಬಂದಿದ್ದ. ತಿಳಿ ಗಾಜು ಎಂದೆ. "ಅಯ್ಯೋ, ಕಂದೇ ಬೇಕು ಅಂತ ಅಮ್ಮಾವ್ರೇ ಫೋನ್ ಮಾಡಿದ್ರಲ್ಲ, ಬಿಸ್ಲು ಕಣ್ಣಿಗೆ ಚುಚ್ಚುತ್ತೆ ಅಂದ್ರು" ಎಂದ. ನಾನು ಸೊಸೆಯ ಮುಖ ನೋಡಿದೆ, ಅವಳು ನೆಲ ನೋಡಿದಳು. ಇತ್ತೀಚೆಗೆ ದಾರ ಆರಿಸಲು ನೀನು ಅವಳನ್ನೇ ಕೂಗುತ್ತಿದ್ದೆಯಲ್ಲ, ನಾನು ಅತ್ತೆಯ ದರ್ಪ ಅಂದುಕೊಂಡಿದ್ದೆ. ಇವಳೇ, ಬರೀ ಬಿಸಿಲು ಚುಚ್ಚುತ್ತಿದೆಯೋ, ಬಣ್ಣವೂ ತಿಳಿಯುತ್ತಿಲ್ಲವೋ? ಇದು ಕೈಸೇರಿದ ದಿನವೇ ಅಳಿಯಂದಿರ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋಗು. ಅವರು ಏನೆಂದರು ಅನ್ನುವುದನ್ನು ನೀನೇ ಹೇಳು, ಮಗಳ ಕೈಲಿ ಹೇಳಿಸಬೇಡ. ಆ ಒಂದು ಕಿಟಕಿ ಬಿಟ್ಟು ಉಳಿದವಕ್ಕೆ ಗಾಜು ಹಾಕಲು ಹೇಳಿದ್ದೇನೆ.