ಹೆಸರು ಕಿತ್ತ ಗಂಟು

ಬನಹಟ್ಟಿ
೧೨ ಜುಲೈ ೨೦೧೨

ಮಗಳೇ ವೈಶಾಲಿ,

ಬೀಳಗಿಯಲ್ಲಿ ಹೇಗಿದ್ದೀ? ಕೆಮ್ಮು ಹೋಯಿತೇ? ನಿಮ್ಮಪ್ಪ ರೇವಪ್ಪನವರ ಮಂಡಿನೋವು ಹೇಗಿದೆ? ನಿನ್ನ ಅತ್ತೆ ಪದ್ಮವ್ವ ಆರಾಮ, ಎರಡು ರೊಟ್ಟಿ ಹೆಚ್ಚಿಗೇ ತಿನ್ನುತ್ತಾಳೆ. ನಾನೂ ಆರಾಮ, ನಿನ್ನ ಗಂಡನ ಮುಖ ನೋಡದಿದ್ದಾಗ.

ಯಲ್ಲಾಲಿಂಗ ನನ್ನ ಮಗ ಎನ್ನಲು ಹೇಸಿಗೆಯಾಗುತ್ತದೆ. ಮಗ್ಗಕ್ಕೆ ನೀನು ಬರೆದ ಪ್ರೋಗ್ರಾಮನ್ನು ತನ್ನದೆಂದು ಸೀರೆ ವ್ಯಾಪಾರಿ ಗಂಗಾರಾಮನ ಎದುರು ಹೇಳಿ, ನೀನು ಎದ್ದು ತವರಿಗೆ ಹೋಗುವಂತೆ ಮಾಡಿದ. ಅಷ್ಟಕ್ಕೇ ನಿಲ್ಲಲಿಲ್ಲ. ಮೊನ್ನೆ ಗಂಗಾರಾಮ ಮತ್ತೆ ಬಂದಾಗ, ಮೆರೆಯಲು ಹೋಗಿ ಪ್ರೋಗ್ರಾಮಿನ ತುಣುಕುಗಳನ್ನು ನೀನು ಕಟ್ಟಿಟ್ಟ ಲೈಬ್ರರಿಯ ಒಳಗಿರುವುದನ್ನೆಲ್ಲ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ತೋರಿಸಿದ. ವೈಶಾಲಿ ಸೆರಗು, ವೈಶಾಲಿ ಅಂಚು, ವೈಶಾಲಿ ಬುಟ್ಟಾ, ಸಾಲು ಸಾಲಿಗೂ ನೀನೇ. ಗಂಗಾರಾಮ ಕನ್ನಡಕ ಏರಿಸಿ, "ಯಲ್ಲಾಲಿಂಗಾ, ನಿನ್ನ ಹೆಸರ ಎಲ್ಲೈತೋ ಇದರಾಗ?" ಎಂದ. ನಾನು ನಕ್ಕುಬಿಟ್ಟೆ.

ಗಂಗಾರಾಮ ಹೋದದ್ದೇ ತಡ, ಈ ಮೂಢ ಕಂಪ್ಯೂಟರಿನ ಸ್ಟ್ರಿಪ್ ಎಂಬ ಸಾಧನ ಹಚ್ಚಿ ಲೈಬ್ರರಿಯ ಒಳಗಿನ ಹೆಸರುಗಳನ್ನೆಲ್ಲ ಕಿತ್ತುಹಾಕಿದ. "ಅಪ್ಪಾ, ಕೆಲಸ ಹಂಗ ಇರ್ತೈತಿ, ಹೆಸರಷ್ಟ ಹೋಗ್ತಾವ" ಎಂದು ನನಗೇ ಪಾಠ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು. ಆದರೂ ನೀನು ಚಹಾ ಕುಡಿಯುತ್ತ ಹೇಳಿದ್ದು ಮರೆತಿಲ್ಲ: "ಮಾವಾರ, ಲೈಬ್ರರಿ ಅಂದ್ರ ಆಬ್ಜೆಕ್ಟ್ ಫೈಲ್ ಅನ್ನೂ ತುಣುಕುಗಳ ಗಂಟ್ರೀ. ಹೊಸ ಸೀರಿಗೆ ಪ್ರೋಗ್ರಾಮ್ ಕಟ್ಟೂ ಮುಂದ ಹೆಸರ ಹಿಡದ ಬೇಕಾದ ತುಣುಕ ಹುಡಕತೈತಿ." ಹೆಸರೇ ಇಲ್ಲದಿದ್ದರೆ ಏನು ಹಿಡಿದು ಹುಡುಕೀತು? ಮೊದಲೇ ಕಟ್ಟಿಟ್ಟ ಹಳೆಯ ಸೀರೆಯನ್ನು ಮಗ್ಗ ನೇಯುತ್ತದೆ. ಗಂಗಾರಾಮ ಕೇಳಿದ ಹೊಸ ಅಂಚು ಕಟ್ಟಲು ಹೋದರೆ ಪರದೆಯ ತುಂಬ ತಕರಾರು. ಬೇರೆ ಪ್ರತಿ ಇಟ್ಟುಕೊಂಡಿಲ್ಲ, ಮೂಲ ಬರಹ ನಿನ್ನ ಹತ್ತಿರ. ಈಗ ಕೀಲಿಮಣೆ ಕುಟ್ಟಿ, "ಕಂಪ್ಯೂಟರಿಗೆ ದೆವ್ವ ಹೊಕ್ಕೈತಿ" ಅನ್ನುತ್ತಾನೆ. ದೆವ್ವ ಯಾರಿಗೆ ಹೊಕ್ಕಿದೆ ಎಂದು ನನಗೆ ಗೊತ್ತು. ಥೂ.

ನಿನ್ನ ಕೈಯ ಕೆಲಸಕ್ಕೆ ನಿನ್ನ ಹೆಸರೇ ಉಳಿಯಲಿ, ಬೀರೇಶ್ವರ ನಿನ್ನನ್ನು ಕಾಯಲಿ. ಬೀಗರಿಗೆ ಶರಣು ಹೇಳು.

ನಿನ್ನ ಮಾವ
ಜಕ್ಕಪ್ಪ

ತಾ.ಕ.: ಫೋನ್ ಮಾಡಿದರೆ ಯಲ್ಲಾಲಿಂಗನ ಕಿವಿಗೆ ಬೀಳುತ್ತದೆಂದು ಇದನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ನಾಳೆ ನಿನ್ನ ಗಂಡ ಪೇಢೆ ಹಿಡಿದು ಅಲ್ಲಿಗೆ ಬರುತ್ತಾನೆ. ನಿನ್ನ ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಲೈಬ್ರರಿಯ ಪ್ರತಿ ಕೊಡು ಎಂದು ಅಳುತ್ತಾನೆ. ಸುಳ್ಳು. ಗಂಗಾರಾಮನಿಗೆ ನಾನೇ ಖರೆ ಹೇಳಿದ್ದೇನೆ, ಅವನೂ ಅಲ್ಲಿಗೇ ಬರುತ್ತಾನೆ. ಅವನ ಎದುರು "ಇದು ವೈಶಾಲಿ ಮಾಡಿದ್ದು" ಎಂದು ನಿನ್ನ ಗಂಡನ ಬಾಯಿಂದಲೇ ಬರಬೇಕು. ಆ ಮಾತು ಬಂದರೂ, ಮನೆಗೆ ಮರಳುವುದು ಬಿಡುವುದು ನಿನ್ನ ಇಚ್ಛೆ. ಆ ಮಾತು ಬರದಿದ್ದರೆ ಪೇಢೆ ಇಟ್ಟುಕೊಂಡು ಅವನನ್ನು ವಾಪಸ್ ಕಳಿಸು.