ರಕ್ತ ಕೊಟ್ಟು ಪಡೆದ ತಂಗಿ

14-6-2004, ಸೋಮವಾರ
ಇವರು ಇಂದೂ ರಜೆ. ಮುದ್ದೆ ತೊಳಸುತ್ತಿದ್ದೆ, ಡಿಪೋದಿಂದ ತಿಮ್ಮಯ್ಯ ಬಂದರು — ಇವರ ಬಸ್ಸಿನ ಡ್ರೈವರ್. ಅಂಗಳದಲ್ಲೇ ನಿಂತರು.
"ಟೀಚರಮ್ಮ, ಇದು ಇವತ್ತಿನದಲ್ಲ. ನಾಲೆ ಏರಿ ಮೇಲೆ ಸೀಟಿ ಊದ್ಬುಟ್ಟು, ಬನ್ನೂರು ಬಂತು ಇಳೀರಿ ಅಂತಾನೆ. ಜನ ನಗ್ತಾರೆ."
ಇಪ್ಪತ್ತು ವರ್ಷದ ಕಂಡಕ್ಟರ್. ನಂಜನಗೂಡು–ನರಸೀಪುರ–ಬನ್ನೂರು ದಾರಿಯ ಮರ ಮರವೂ ಗೊತ್ತು. ನಗುವವರ ಮೇಲೆ ಸಿಟ್ಟು ಬಂತು. ಇವರ ಮೇಲೂ.

9-7-2004, ಬೆಂಗಳೂರು
ಮೆದುಳಿನ ಕಾಯಿಲೆ. ಪ್ರಯಾನ್ ಎಂಬ ಕೆಟ್ಟ ಪ್ರೋಟೀನ್ ಅಂತೆ. ಮೆದುಳು ಸ್ಪಂಜಿನ ಹಾಗೆ ತೂತಾಗುತ್ತದಂತೆ. ಔಷಧಿ ಇಲ್ಲ. ಉಳಿದದ್ದು ಕೆಲವೇ ತಿಂಗಳು.
ಆಮೇಲೆ ಡಾಕ್ಟರು ಕೇಳಿದರು — ಇವರು ಯಾರಿಗಾದರೂ ರಕ್ತ ಕೊಟ್ಟಿದ್ದಾರಾ?
ಚಿನ್ನಮ್ಮ.
ಮೂರು ವರ್ಷದ ಹಿಂದೆ ಇವರ ಬಸ್ಸಿನಲ್ಲೇ ಹೆರಿಗೆ ನೋವು ಬಂದ ಬನ್ನೂರಿನ ಹುಡುಗಿ. ಮೈಸೂರಿಗೆ ಸಾಗಿಸಿ, ರಕ್ತ ಕೊಟ್ಟು ಉಳಿಸಿದವರು ಇವರು. ತವರಿಲ್ಲದವಳು. ಅಂದಿನಿಂದ ಇವರು ಅಣ್ಣ, ನಾನು ಅತ್ತಿಗೆ. ಗೌರಿ ಹಬ್ಬದ ಬಾಗಿನ ನಮ್ಮ ಮನೆಯಿಂದಲೇ ಹೋಗುತ್ತದೆ.
ಇಂಗ್ಲೆಂಡಿನಲ್ಲಿ ಇದರ ಇನ್ನೊಂದು ಬಗೆ ರಕ್ತದಿಂದ ಹರಡಿರಬಹುದೆಂದು ವರದಿ ಬಂದಿದೆಯಂತೆ. "ನಿಮ್ಮವರ ಬಗೆ ಹಾಗೆ ಹರಡಿದ್ದು ಕಂಡಿಲ್ಲ. ಇಲ್ಲವೇ ಇಲ್ಲ ಅನ್ನೋಕೂ ಆಗಲ್ಲಮ್ಮ. ತಿಳಿಯೋಕೆ ಟೆಸ್ಟಿಲ್ಲ. ಆಕೆ ಮಾತ್ರ ಯಾರಿಗೂ ರಕ್ತ ಕೊಡೋದು ಬೇಡ."

10-7-2004
ಹೇಳಲಾರೆ. ಬರದೇ ಇರಬಹುದಾದ ಕಾಯಿಲೆಗೆ ಅವಳನ್ನು ಈಗಲೇ ಯಾಕೆ ಸಾಯಿಸಲಿ?

8-8-2004, ಭಾನುವಾರ
ಮಗುವನ್ನು ಕಟ್ಟಿಕೊಂಡು ಚಿನ್ನಮ್ಮ ಬಂದಳು. ಇವರ ಕೈಯಲ್ಲಿ ಈಗ ಲೋಟವೂ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. "ಅಣ್ಣೋ, ಬಾಯ್ ಬುಡು" ಎಂದು ಗಂಜಿ ಕುಡಿಸಿದಳು. ಇವರಿಗೆ ನನ್ನ ಗುರುತೇ ಇಲ್ಲ, ಅವಳ ದನಿಗೆ ನಕ್ಕರು. ಹೊಟ್ಟೆ ಉರಿಯಿತು. ಆಮೇಲೆ ಬಚ್ಚಲಲ್ಲಿ ನಿಂತು ಅತ್ತೆ.
ಹೇಳಲಿಲ್ಲ.

22-8-2004, ಭಾನುವಾರ
ಚಿನ್ನಮ್ಮ ಬಾಗಿಲಲ್ಲೇ ಶುರು ಮಾಡಿದಳು. "ನಾಳೆ ನಮ್ಮ ನಾದಿನಿಗೆ ಆಪ್ರೇಸನ್ನು, ಅತ್ಗೆ. ರಕ್ತ ಬೇಕಂತೆ. ಅಣ್ಣ ನಂಗೆ ಕೊಡ್ನಿಲ್ವಾ? ನಾನೂ ಕೊಡ್ತೀನಿ." ಮುಖದಲ್ಲಿ ಎಂಥ ಹೆಮ್ಮೆ...
"ಕೊಡಬೇಡ" ಎಂದೆ. ಎಲ್ಲ ಹೇಳಿದೆ.
"ನಂಗೂ ಬತ್ತದಾ?"
"ಬರದೇ ಇರಬಹುದು."
"ಯಾವಾಗ ಗೊತ್ತಾಯ್ತದೆ?"
ಗೊತ್ತಿಲ್ಲ ಎಂದೆ. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅದರ ಕೂದಲು ನೇವರಿಸಿದಳು.
"ನಂಗೆ ಇದ್ನ ಏಳ್ದೇ ಇದ್ದಿದ್ರೇ ಚೆಂದಾಗಿತ್ತು, ಅತ್ಗೆ."
ಕುಂಕುಮ ಕೊಟ್ಟೆ. ಇಟ್ಟುಕೊಳ್ಳದೆ ಹೋದಳು. ರಕ್ತವನ್ನಂತೂ ಕೊಡಲಾರಳು. ನಾನು ಮಾಡಿದ್ದು ಸರಿಯೇ. ಸರಿಯಾದದ್ದಕ್ಕೆ ಇಷ್ಟು ಸಂಕಟವೇಕೆ?

29-9-2004
ಇವರು ಹೋದರು. ಬೆಳಿಗ್ಗೆ. ನನ್ನ ಹೆಸರು ಹಿಡಿದು ಕರೆಯದೆಯೇ.

9-10-2004, ಶನಿವಾರ
ಇವರ ಹನ್ನೊಂದನೆಯ ದಿನದ ಗಣಾರಾಧನೆ ಮುಗಿಯಿತು. ಚಿನ್ನಮ್ಮ ಬಂದಿದ್ದಳು. ನಾನು ಕರೆದಿರಲಿಲ್ಲ, ಕರೆಯುವ ಮುಖವಿರಲಿಲ್ಲ. ಬಂದವಳೇ ಸೆರಗು ಸಿಕ್ಕಿಸಿ ಬಡಿಸಲು ನಿಂತಳು.
ಪಂಕ್ತಿಯ ನಡುವೆ ಪಾಯಸದ ಸೌಟು ಅವಳ ಕೈಜಾರಿ ಬಿತ್ತು. ಯಾರ ಕೈಯಿಂದಲೂ ಜಾರುವಂಥದ್ದೇ. ಉಣ್ಣುವವರು ತಲೆ ಎತ್ತಲಿಲ್ಲ. ಅವಳು ಮಾತ್ರ ಅಲ್ಲೇ ನಿಂತು ನನ್ನನ್ನು ನೋಡಿದಳು.
"ಕೈ ಎಣ್ಣೆ ಆಗಿತ್ತು, ಅತ್ಗೆ."
"ಹೂಂ ಕಣಮ್ಮ, ಎಣ್ಣೆ" ಎಂದೆ.
ಆ ಸೌಟು ನಾನೇ ತೊಳೆದೆ. ತೊಳೆಯುವ ಮೊದಲು ಹಿಡಿಯ ಮೇಲೆ ಬೆರಳಾಡಿಸಿ ನೋಡಿದೆ. ಎಣ್ಣೆಯೇ ಇರಬೇಕು...