ನೀರು ಕೇಳದ ಅಂಗಳ

ಎರ್ಮೊಸಿಯೋ
ಜೂನ್ 23, ಸಾನ್ ಹುವಾನ್ ಹಬ್ಬದ ಮುನ್ನಾದಿನ

ಪ್ರೀತಿಯ ಕೊಮಾದ್ರೆ ತೊಮಾಸಾ,

ಬೈಯಬೇಡ ಮಾರಾಯ್ತಿ. ನಿನ್ನ ಕಾಗದ ಈಸ್ಟರ್ ಹೊತ್ತಿಗೇ ಬಂದಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ, ಈ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೇ ಅರ್ಥವಾಗದೆ ಎದ್ದುಬಿಡುತ್ತಿದ್ದೆ. ನಿನ್ನ ಮಂಡಿನೋವು ಹೇಗಿದೆ? ನೀನು ಧರ್ಮತಾಯಿಯಾಗಿ ಎತ್ತಿಕೊಂಡು ನನಗೆ ಕೊಮಾದ್ರೆಯಾದೆಯಲ್ಲ, ಆ ನನ್ನ ಮಗಳು ಈಗ ನಿನಗಿಂತ ದಪ್ಪಗಾಗಿದ್ದಾಳೆ. ನಾನು ಹೇಳಿದೆ ಅನ್ನಬೇಡ.

ನನ್ನ ಗಂಡನಿಗೆ ಏನೋ ಆಗಿದೆ, ತೊಮಾಸಾ. ನಸಾರಿಯೋ ಎಂಥವನು ನಿನಗೆ ಗೊತ್ತಲ್ಲ. ನಸುಕಿನಲ್ಲಿ ನಲ್ಲಿಗೆ ನೀರು ಬಿಟ್ಟ ಕೂಡಲೇ ಎದ್ದು ಡ್ರಮ್ಮು ತುಂಬಿಸಿ, ನನ್ನ ಹುಲ್ಲಿಗೂ ಗುಲಾಬಿಗೂ ಬಕೆಟ್ಟಿನಲ್ಲಿ ಹೊತ್ತು ಹಾಕುತ್ತಿದ್ದವನು. ನನಗೆ ಒಂದು ದಿನವೂ ಬಕೆಟ್ ಮುಟ್ಟಲು ಬಿಟ್ಟವನಲ್ಲ. ಅಂಥವನು ಫೆಬ್ರವರಿಯಲ್ಲಿ ಗುದ್ದಲಿ ಹಿಡಿದು ಎಲ್ಲವನ್ನೂ ಕಿತ್ತೆಸೆದ. ನಾನು ಬಾಯಿ ಬಡಿದುಕೊಂಡೆ.

"ಇದು ಮರುಭೂಮಿ ಕಣೆ. ಇಲ್ಲಿ ಈ ನೆಲದ ಗಿಡಾನೇ ಇರ್ಬೇಕು," ಅಂದ.

"ಓಹೋ! ಇಷ್ಟು ವರ್ಷ ಏನಾಗಿತ್ತು, ಪ್ಯಾರಿಸ್ಸಾ?"

ನಗಲಿಲ್ಲ. ಜಾಲಿಯಂಥ ಮೆಸ್ಕೀತೆ ಮರದ ಸಸಿ ನೆಟ್ಟ, ಅದರ ಬುಡದಲ್ಲಿ ಕಾಡುಮೆಣಸಿನ ಗಿಡ ನೆಟ್ಟ. ಸೂರಿನ ಮಳೆನೀರು ತಾನಾಗಿ ಬುಡಕ್ಕೆ ಹರಿಯುವ ಹಾಗೆ ಪಾತಿ ಮಾಡಿ ಸುತ್ತ ಕಲ್ಲು ಜೋಡಿಸಿದ. ಗೇಟಿನ ಬಳಿ ಒಕೊಟಿಯೋ ನೆಟ್ಟ. ಎಲೆಯಿಲ್ಲ, ಏನಿಲ್ಲ, ಬರೀ ಮುಳ್ಳಿನ ಒಣಕಡ್ಡಿಗಳು! ನಾಲ್ಕು ಕಲ್ಲು ಇಡುವಷ್ಟರಲ್ಲಿ ಏದುಸಿರು ಬಿಟ್ಟು ಕೂರುತ್ತಾನೆ. ಕೇಳಿದರೆ "ಬಿಸಿಲು" ಅನ್ನುತ್ತಾನೆ. ಮೇಲಿಂದ ನನಗೆ ಪಾಠ ಬೇರೆ: "ಎಲೆ ಉದುರಿದ್ರೆ ಸತ್ತೋಯ್ತು ಅಂದ್ಕೋಬೇಡ. ಮಳೆ ಬಿದ್ರೆ ಚಿಗುರ್ತದೆ. ಎಲ್ಲಿ, ಇನ್ನೊಂದ್ಸಲ ಹೇಳು."

ದಿನ ಬಿಟ್ಟು ದಿನ ಒತಿಲಿಯಾಳ ಗಿಡದ ನರ್ಸರಿಗೆ ಹೋಗುತ್ತಾನೆ. ಅವಳು ಗಂಡ ಸತ್ತವಳು, ಬೀದಿಗೆಲ್ಲ ಕೇಳುವ ಹಾಗೆ ನಗುವವಳು. ನನ್ನ ತಲೆಯಲ್ಲಿ ಏನು ಓಡಿತು ಎಂದು ನಿನಗೆ ಬಿಡಿಸಿ ಹೇಳಬೇಕೆ? ಈ ವಯಸ್ಸಿನಲ್ಲಿ! ನಗು ಬಂತು, ಹೊಟ್ಟೆಯೂ ಉರಿಯಿತು.

ಆ ಒಕೊಟಿಯೋ ನೋಡಿ ನನಗೆ ಪಾಪ ಅನ್ನಿಸಿತು. ಅವನು ಮಲಗಿದಾಗ ಬಟ್ಟೆ ಜಾಲಿಸಿದ ನೀರನ್ನು ದಿನವೂ ಅದಕ್ಕೆ ಸುರಿದೆ. ಬುಡ ಕೊಳೆತು, ಹೋದ ವಾರ ಬಿದ್ದೇಹೋಯಿತು. ಕೂಗಾಡುತ್ತಾನೆ ಅಂದುಕೊಂಡೆ. ಅವನು ಕಲ್ಲಿನ ಮೇಲೆ ಕೂತು ಅತ್ತ, ತೊಮಾಸಾ.

"ಒಂದು ಕಡ್ಡಿಗೆ ಯಾರಾದ್ರೂ ಅಳ್ತಾರೇನೋ?" ಅಂದೆ.

"ಒಂದ್ಸಲ ಬೇರು ಹಿಡಿದಿದ್ರೆ ಸಾಕಿತ್ತು, ಡೆಲ್ಫಿನಾ. ಆಮೇಲೆ ಅದಕ್ಕೆ ಯಾರೂ ಬೇಕಾಗ್ತಿರ್ಲಿಲ್ಲ."

ಇದೆಂಥ ಮಾತು? ಯಾರೂ ಬೇಡದ ಗಿಡ ಯಾತಕ್ಕೆ? ರಾತ್ರಿಯೆಲ್ಲ ಹೊರಳಾಡಿದೆ, ಏನೂ ಹೊಳೆಯಲಿಲ್ಲ.

ನಾಳೆ ಸಾನ್ ಹುವಾನ್, ಮಳೆ ಶುರುವಾಗಬೇಕಾದ ದಿನ. ಮೋಡವಂತೂ ಕಾಣುತ್ತಿಲ್ಲ. ದೇವರು ನಿನ್ನ ಮಂಡಿಗೂ ನಿನ್ನ ಮಕ್ಕಳ ದೋಣಿಗಳಿಗೂ ಒಳ್ಳೆಯದು ಮಾಡಲಿ, ನನ್ನ ತಲೆಗೂ ಒಂದಿಷ್ಟು ಬೆಳಕು ಕೊಡಲಿ.

ನಿನ್ನ
ಡೆಲ್ಫಿನಾ

ತಾ.ಕ.: ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಜಗಳಕ್ಕೆಂದೇ ಒತಿಲಿಯಾಳ ಹತ್ತಿರ ಹೋಗಿದ್ದೆ. ನನ್ನ ಬೈಗುಳವೆಲ್ಲ ಮುಗಿದ ಮೇಲೆ ನನ್ನನ್ನು ಕೂರಿಸಿದಳು. "ಅಯ್ಯೋ ಅಕ್ಕಾ, ನಿಮಗೆ ಹೇಳೇ ಇಲ್ವಾ? ಮೊದಲ್ನೇ ದಿನಾನೇ ಅಂದ್ರು. ಶ್ವಾಸಕೋಶ ಕೆಟ್ಟಿದೆ, ಡಾಕ್ಟ್ರು ಕೈಚೆಲ್ಲಿದ್ದಾರೆ. 'ನಾನು ಹೋದ್ಮೇಲೆ ನನ್ನಾಕೆ ನೀರು ಹೊರಬಾರ್ದು, ಅಂಥ ಗಿಡ ಕೊಡಮ್ಮಾ' ಅಂದ್ರು."

ಗಿಡ ಮಾರುವವಳಿಗೆ ಹೇಳಿದ್ದಾನೆ, ನನಗೆ ಹೇಳಿಲ್ಲ. ಕೋಪ ಮಾಡಲೋ, ಅಳಲೋ, ಗೊತ್ತಿಲ್ಲದವಳಂತೆ ರೊಟ್ಟಿ ಸುಡುತ್ತಿರಲೋ? ಇದೇ ತಲೆಯಲ್ಲಿ ಸುತ್ತುತ್ತಿತ್ತು. ಅವಳ ಅಂಗಡಿಯಲ್ಲಿ ಅತಿ ಹೆಚ್ಚು ನೀರು ಕೇಳುವ ಗಿಡ ಯಾವುದು ಎಂದು ಕೇಳಿ, ಒಂದು ನಿಂಬೆಸಸಿ ತಂದೆ.

ನೋಡಿದವನೇ ರೇಗಿದ. "ಬುದ್ಧಿ ಇದೆಯೇನೇ? ಇದಕ್ಕೆ ದಿನಾ ನೀರು ಬೇಕು. ಹಾಕೋರು ಯಾರು?"

"ನೀನೇ," ಅಂದೆ.

ನನ್ನ ಮುಖವನ್ನೇ ನೋಡಿದ. ನನಗೆ ತಿಳಿದುಹೋಗಿದೆ ಎಂದು ಅವನಿಗೂ ತಿಳಿಯಿತು. ಸಸಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಎಲ್ಲಿ ನೆಡ್ಲಿ, ಹೇಳು," ಅಂದ.